ಸಕುಟುಂಬ ವಿದೇಶವಾಸ: ತೆರಿಗೆಯ ಪಂಚಾಂಗ, ನಾಯಿಯ ಪಂಚಾಂಗ

ಯಂತ್ರೋಪಕರಣ ಮತ್ತು ವಾಹನ ಬಿಡಿಭಾಗಗಳ ಉದ್ಯಮದಲ್ಲಿ ಬೆಂಗಳೂರಿಗೂ ಜರ್ಮನಿಗೂ ಇರುವ ನಂಟು ಹಳೆಯದು. ಮೊದಲು ಅಲ್ಲಿಂದ ಯಂತ್ರಗಳು ಬರುತ್ತಿದ್ದವು. ಈಗ ಇಲ್ಲಿಂದ ಮನುಷ್ಯರು ಹೋಗುತ್ತಿದ್ದಾರೆ. ಒಂಟಿಯಾಗಿ ಹೋಗುವ ತರುಣನಿಗೆ ವೀಸಾ ಮತ್ತು ವಿಮಾನದ ಟಿಕೆಟ್ ದೊರೆತರೆ ಅರ್ಧ ಕೆಲಸ ಮುಗಿದಂತೆ. ಆದರೆ ನಲವತ್ತರ ವಯಸ್ಸಿನಲ್ಲಿ, ನಡೆಯುತ್ತಿರುವ ಕಾರ್ಖಾನೆಯನ್ನು ಹಿಂದೆ ಬಿಟ್ಟು, ಹೆಂಡತಿ ಮಕ್ಕಳು ಹಾಗೂ ಸಾಕುನಾಯಿಯೊಡನೆ ಹೊರಡುವವರ ಪಾಡು ಬೇರೆ.

ಪೀಣ್ಯದಲ್ಲಿ ಸಣ್ಣ ಘಟಕವೊಂದನ್ನು ನಡೆಸುತ್ತಿದ್ದ ದಂಪತಿಗಳು ಮಾರ್ಚ್ ತಿಂಗಳಿನಲ್ಲಿ ನಮ್ಮ ಕಚೇರಿಗೆ ಬಂದರು. ಪತಿಗೆ ಸ್ಟುಟ್‌ಗಾರ್ಟ್ ನಗರದಲ್ಲಿ ಉದ್ಯೋಗ ನಿಶ್ಚಯವಾಗಿತ್ತು. ಅಕ್ಟೋಬರ್ 1ಕ್ಕೆ ಹಾಜರಾಗಬೇಕು. ಖಾಸಗಿ ನಿಯಮಿತ ಕಂಪೆನಿಗೆ ಇಬ್ಬರೇ ನಿರ್ದೇಶಕರು: ಅವರು ಮತ್ತು ಅವರ ಪತ್ನಿ. ಇಬ್ಬರು ಮಕ್ಕಳು, ಒಂದು ಮುಧೋಳ ನಾಯಿ. ಅವರ ಪ್ರಶ್ನೆ ಮನೆ ಬಾಡಿಗೆಯ ತೆರಿಗೆಯ ಕುರಿತಾಗಿತ್ತು. ನನಗೆ ಚಿಂತೆ ಹುಟ್ಟಿಸಿದ್ದು ಕಂಪೆನಿ.

2013ರ ಕಂಪೆನಿಗಳ ಕಾಯ್ದೆಯ 149(3)ನೆಯ ಕಲಮಿನಂತೆ, ಪ್ರತಿ ಕಂಪೆನಿಯಲ್ಲಿಯೂ ಆರ್ಥಿಕ ವರ್ಷದಲ್ಲಿ ಕನಿಷ್ಠ 182 ದಿನ ಭಾರತದಲ್ಲಿ ತಂಗಿರುವ ನಿರ್ದೇಶಕರು ಒಬ್ಬರಾದರೂ ಇರಬೇಕು. ಇತ್ತ ಆದಾಯ ತೆರಿಗೆ ಕಾನೂನಿನಲ್ಲಿ, ಉದ್ಯೋಗಕ್ಕಾಗಿ ದೇಶ ಬಿಡುವ ಭಾರತೀಯ ನಾಗರಿಕನು ಆ ವರ್ಷ ಇಲ್ಲಿ 182 ದಿನಕ್ಕಿಂತ ಕಡಿಮೆ ಇದ್ದರೆ ಅನಿವಾಸಿಯಾಗುತ್ತಾನೆ. ಅಲ್ಲಿನ ಸಂಬಳಕ್ಕೆ ಇಲ್ಲಿ ತೆರಿಗೆ ಬೀಳುವುದಿಲ್ಲ. ಏಪ್ರಿಲ್ 1ರಿಂದ ಎಣಿಸಿದರೆ ಸೆಪ್ಟೆಂಬರ್ 28ಕ್ಕೆ 181 ದಿನ. ಅಂದು ಹೊರಟವನಿಗೆ ತೆರಿಗೆ ಲಾಭ, ಆದರೆ ಅವನು ನಿವಾಸಿ ನಿರ್ದೇಶಕನಲ್ಲ. ಮರುದಿನ ಹೊರಟರೆ ಫಲ ತಿರುಗುಮುರುಗು. ಒಂದೇ ಅಂಕೆ ಎರಡು ಕಾನೂನುಗಳಲ್ಲಿ ಎದುರುಬದುರಾಗಿ ನಿಂತಿರುವುದನ್ನು ಉದ್ಯಮಿಗಳು ಬಹುಮಟ್ಟಿಗೆ ಗಮನಿಸುವುದಿಲ್ಲ.

ನಿವೃತ್ತರಾದ ತಂದೆಯವರನ್ನು ಮೂರನೆಯ ನಿರ್ದೇಶಕರನ್ನಾಗಿ ನೇಮಿಸುವುದೆಂದು ತೀರ್ಮಾನವಾಯಿತು. ಇದು ಎಲ್ಲರೂ ಹಿಡಿಯುವ ದಾರಿ. ಆದರೆ ಹಿರಿಯರನ್ನು ಕೇವಲ ಹೆಸರಿಗೆ ಕೂರಿಸುವುದನ್ನು ನಾನು ಒಪ್ಪುವುದಿಲ್ಲ. ಜಿಎಸ್‌ಟಿ, ಭವಿಷ್ಯನಿಧಿ, ಬ್ಯಾಂಕ್ ಸಾಲ ಇವುಗಳ ನೋಟೀಸು ಬರುವುದು ಇಲ್ಲಿರುವವರ ಕೈಗೆ. ಆದ್ದರಿಂದ ತಂದೆಯವರಿಗೆ ಎರಡು ತಿಂಗಳು ಕಾರ್ಖಾನೆಯ ಲೆಕ್ಕವನ್ನು ಪರಿಚಯ ಮಾಡಿಸಿ, ಆಮೇಲೆ ಡಿಜಿಟಲ್ ಸಹಿ ಮಾಡಿಸಿದೆವು. ಹೊರಗಿರುವ ನಿರ್ದೇಶಕರು ಮಂಡಳಿಯ ಸಭೆಗೆ ವಿಡಿಯೋ ಮೂಲಕ ಹಾಜರಾಗಬಹುದು.

ಇನ್ನು ನಾಯಿಯ ವಿಚಾರ. ಇದನ್ನು ಲೆಕ್ಕಪರಿಶೋಧಕನು ಏಕೆ ಬರೆಯಬೇಕೆಂದು ಕೇಳಬಹುದು. ಹೊರಡುವ ದಿನಾಂಕವನ್ನು ಕಾನೂನಿಗಿಂತ ಬಿಗಿಯಾಗಿ ಕಟ್ಟಿಹಾಕಿದ್ದು ಆ ನಾಯಿಯೇ ಎಂಬುದು ಉತ್ತರ. ರೇಬಿಸ್ ರೋಗದ ದೃಷ್ಟಿಯಿಂದ ಐರೋಪ್ಯ ಒಕ್ಕೂಟ ಸಿದ್ಧಪಡಿಸಿರುವ ಸುರಕ್ಷಿತ ದೇಶಗಳ ಪಟ್ಟಿಯಲ್ಲಿ ಭಾರತವಿಲ್ಲ. ಆದ್ದರಿಂದ ಮೊದಲು ಚರ್ಮದಡಿಯಲ್ಲಿ 15 ಅಂಕೆಗಳ ಮೈಕ್ರೋಚಿಪ್. ಅನಂತರವೇ ರೇಬಿಸ್ ಲಸಿಕೆ. ಲಸಿಕೆ ಹಾಕಿ ಕನಿಷ್ಠ 30 ದಿನ ಕಳೆದ ಮೇಲೆ ರಕ್ತ ತೆಗೆದು ಒಕ್ಕೂಟದ ಮಾನ್ಯತೆ ಪಡೆದ ಪ್ರಯೋಗಾಲಯಕ್ಕೆ ಕಳುಹಿಸಬೇಕು. ಪ್ರತಿಕಾಯದ ಪ್ರಮಾಣ ಪ್ರತಿ ಮಿಲಿಲೀಟರಿಗೆ 0.5 ಅಂತರರಾಷ್ಟ್ರೀಯ ಮಾನಕ್ಕಿಂತ ಕಡಿಮೆ ಇರಕೂಡದು. ರಕ್ತ ತೆಗೆದ ದಿನದಿಂದ ಮತ್ತೆ ಮೂರು ತಿಂಗಳು ಕಾಯಬೇಕು. ಎಂದರೆ ಎಲ್ಲವೂ ಸುಸೂತ್ರವಾಗಿ ನಡೆದರೂ ನಾಲ್ಕು ತಿಂಗಳು.

ಈ ನಾಯಿಗೆ ಪ್ರತಿ ವರ್ಷವೂ ಲಸಿಕೆ ಆಗಿತ್ತು, ಚಿಪ್ ಮಾತ್ರ ಇರಲಿಲ್ಲ. ಚಿಪ್‌ಗೆ ಮೊದಲಿನ ಲಸಿಕೆಗಳು ಲೆಕ್ಕಕ್ಕೆ ಬರುವುದಿಲ್ಲವಾದ್ದರಿಂದ ಏಪ್ರಿಲ್‌ನಲ್ಲಿ ಹೊಸದಾಗಿ ಆರಂಭಿಸಬೇಕಾಯಿತು. ಮೇ ತಿಂಗಳಲ್ಲಿ ರಕ್ತಪರೀಕ್ಷೆ, ಆಗಸ್ಟ್ ಕೊನೆಗೆ ಅರ್ಹತೆ. ಅವರು ಮಾರ್ಚ್ ಬದಲು ಜೂನ್‌ನಲ್ಲಿ ಬಂದಿದ್ದರೆ ನಾಯಿ ಹಿಂದುಳಿಯುತ್ತಿತ್ತು. ಹಾಗೆ ಹಿಂದುಳಿದರೆ ಇನ್ನೊಂದು ತೊಡಕು: ಮಾಲೀಕರ ಪ್ರಯಾಣಕ್ಕೂ ಪ್ರಾಣಿಯ ಪ್ರಯಾಣಕ್ಕೂ ಐದು ದಿನಕ್ಕಿಂತ ಹೆಚ್ಚು ಅಂತರವಿದ್ದರೆ ಅದು ಸಾಕುಪ್ರಾಣಿಯ ಸಾಗಣೆ ಎನಿಸದೆ ವಾಣಿಜ್ಯ ಸಾಗಣೆಯಾಗುತ್ತದೆ, ನಿಯಮಗಳೂ ಖರ್ಚೂ ಬೇರೆ. ಪತಿ ಮೊದಲು ಹೋಗಬೇಕಾದೀತೆಂಬ ಮುನ್ನೆಚ್ಚರಿಕೆಯಿಂದ ನಾಯಿಯ ಕಾಗದಪತ್ರಗಳನ್ನೆಲ್ಲ ಪತ್ನಿಯ ಹೆಸರಿನಲ್ಲಿ ಮಾಡಿಸಿದೆವು. ಕೊನೆಯ ಆರೋಗ್ಯ ಪ್ರಮಾಣಪತ್ರಕ್ಕೆ ಅಲ್ಲಿನ ಪ್ರವೇಶ ತಪಾಸಣೆಯವರೆಗೆ ಹತ್ತೇ ದಿನದ ಆಯುಷ್ಯವಾದ್ದರಿಂದ, ಅದನ್ನು ಸರ್ಕಾರಿ ಪಶು ದಿಗ್ಬಂಧನ ಕಚೇರಿಯಿಂದ ಹೊರಡುವ ವಾರದಲ್ಲಿಯೇ ಪಡೆಯಬೇಕು.

ಸ್ಟುಟ್‌ಗಾರ್ಟ್ ಇರುವ ಬಾಡೆನ್-ವುರ್ಟೆಂಬರ್ಗ್ ರಾಜ್ಯದಲ್ಲಿ ಶಾಲೆಗಳು ಬೇಸಿಗೆ ರಜೆಯ ಬಳಿಕ ಸೆಪ್ಟೆಂಬರ್ ಮಧ್ಯದಲ್ಲಿ ತೆರೆಯುತ್ತವೆ. ಜರ್ಮನಿಯಲ್ಲಿ ಶಾಲೆಗೆ ಹೋಗುವುದು ಕಡ್ಡಾಯ. ಮನೆಯಲ್ಲೇ ಪಾಠ ಹೇಳಿಕೊಂಡು ಒಂದು ವರ್ಷ ದೂಡುತ್ತೇವೆ ಎನ್ನುವಂತಿಲ್ಲ. ತೆರಿಗೆ, ನಾಯಿ, ಶಾಲೆ ಮೂರೂ ಕೂಡಿಬಂದದ್ದು ಸೆಪ್ಟೆಂಬರ್ ಎರಡನೆಯ ವಾರದಲ್ಲಿ. ಕುಟುಂಬ ಒಟ್ಟಾಗಿ ಹೊರಟಿತು.

ಬ್ಯಾಂಕಿನ ವಿಚಾರವನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಫೆಮಾ ಕಾಯ್ದೆಯಲ್ಲಿ 182 ದಿನ ಕಾಯುವ ಪ್ರಶ್ನೆಯಿಲ್ಲ. ಉದ್ಯೋಗಕ್ಕೆಂದು ಹೊರಟಾಗಲೇ ವ್ಯಕ್ತಿ ಹೊರದೇಶದ ನಿವಾಸಿ. ಹಳೆಯ ಉಳಿತಾಯ ಖಾತೆಯನ್ನು ಎನ್‌ಆರ್‌ಓ ಖಾತೆಯಾಗಿ ಪರಿವರ್ತಿಸಲೇಬೇಕು. ಸಾರ್ವಜನಿಕ ಭವಿಷ್ಯನಿಧಿಯನ್ನು ಅವಧಿ ಮುಗಿಯುವವರೆಗೆ ಮುಂದುವರಿಸಬಹುದು, ವಿಸ್ತರಿಸುವಂತಿಲ್ಲ. ಈಗಾಗಲೇ ಇರುವ ಕೃಷಿಭೂಮಿ ಉಳಿಯುತ್ತದೆ, ಹೊಸದಾಗಿ ಕೊಳ್ಳುವಂತಿಲ್ಲ. ಮನೆಯ ಬಾಡಿಗೆದಾರನು ಇನ್ನು ಮುಂದೆ ಬಾಡಿಗೆಯಲ್ಲಿ ತೆರಿಗೆ ಹಿಡಿದೇ ಪಾವತಿಸಬೇಕು. ಇದನ್ನು ಅವನಿಗೆ ಬರವಣಿಗೆಯಲ್ಲಿ ತಿಳಿಸುವುದು ಮಾಲೀಕರ ಸೌಜನ್ಯ.

ಜರ್ಮನಿಯ ನಿವಾಸಿಯಾದವನು ಜಗತ್ತಿನ ಎಲ್ಲ ಆದಾಯವನ್ನೂ ಅಲ್ಲಿ ತೋರಿಸಬೇಕು. ಎನ್‌ಆರ್‌ಇ ಠೇವಣಿಯ ಬಡ್ಡಿಗೆ ನಮ್ಮಲ್ಲಿ ವಿನಾಯಿತಿ ಇದೆಯೆಂದು ಅಲ್ಲಿಯೂ ಇದೆಯೆಂದು ಭಾವಿಸಬಾರದು. ಉಭಯ ದೇಶಗಳ ನಡುವೆ 2017ರಿಂದ ಖಾತೆಗಳ ಮಾಹಿತಿ ತಾನಾಗಿ ವಿನಿಮಯವಾಗುತ್ತಿದೆ. ಅದೇ ವರ್ಷ ಮೇ 1ರಿಂದ ಜಾರಿಯಲ್ಲಿರುವ ಸಾಮಾಜಿಕ ಭದ್ರತಾ ಒಪ್ಪಂದವು, ಇಲ್ಲಿನ ಕಂಪೆನಿಯಿಂದಲೇ ನಿಯೋಜಿತರಾಗಿ ಹೋಗುವವರನ್ನು ಎರಡೂ ಕಡೆ ವಂತಿಗೆ ಕಟ್ಟುವುದರಿಂದ ಪಾರುಮಾಡುತ್ತದೆ. ಹೊರಡುವ ಮುನ್ನ ಭವಿಷ್ಯನಿಧಿ ಕಚೇರಿಯ ಪ್ರಮಾಣಪತ್ರ ಪಡೆಯಬೇಕು.

ಅಲ್ಲಿಗೆ ಹೋದ ಮೇಲೆ ಮನೆ ಹೊಕ್ಕ ಎರಡು ವಾರದೊಳಗೆ ಪುರಸಭೆಯಲ್ಲಿ ಹೆಸರು ನೋಂದಾಯಿಸಬೇಕು. ನಾಯಿಯ ನೋಂದಣಿ ಬೇರೆ, ಏಕೆಂದರೆ ಅದಕ್ಕೆ ವಾರ್ಷಿಕ ತೆರಿಗೆಯುಂಟು; ದರ ಊರಿಂದೂರಿಗೆ ವ್ಯತ್ಯಾಸ, ಎರಡನೆಯ ನಾಯಿಗೆ ಸಾಮಾನ್ಯವಾಗಿ ಹೆಚ್ಚು. ಬೆಕ್ಕಿಗೆ ತೆರಿಗೆಯಿಲ್ಲ. ಈ ಮೊತ್ತವನ್ನು ಆದಾಯ ತೆರಿಗೆಯಲ್ಲಿ ಖರ್ಚೆಂದು ಕಳೆಯಬಹುದೇ ಎಂದು ನಮ್ಮ ಕಕ್ಷಿದಾರರು ಅಲ್ಲಿಂದ ಕೇಳಿದರು. ಆಗದೆಂದು ಉತ್ತರಿಸಿ, ಅದರ ಜೊತೆಗೇ ಕಾರ್ಖಾನೆಯ ಕೆಲಸಕ್ಕೆ ಬಂದುಹೋಗುವ ದಿನಗಳ ಲೆಕ್ಕವಿಡಲು ಬರೆದೆ: ಭಾರತದ ಆದಾಯ 15 ಲಕ್ಷ ರೂಪಾಯಿ ಮೀರಿದವರಿಗೆ, ಇಲ್ಲಿನ ವಾಸ 120 ದಿನ ಮುಟ್ಟಿದರೆ ಅನಿವಾಸಿ ಸ್ಥಾನಕ್ಕೆ ಕುತ್ತು ಬರಬಹುದು.