ಕೈಯ ಭಾರ, ಕಿವಿಯ ಕೆಲಸ

ನೆಲದಡಿಯಲ್ಲಿ ಅಡಗಿರುವ ಲೋಹವನ್ನು ಕಣ್ಣು ಕಾಣಲಾರದು. ಆದರೆ ಕಿವಿ ಕೇಳಬಲ್ಲದು. ಹಾಗೆ ಕೇಳಿಸುವ ಸಾಧನವೇ ಲೋಹಶೋಧಕ ಯಂತ್ರ. ಉದ್ದನೆಯ ಒಂದು ಕೋಲು, ಅದರ ತುದಿಯಲ್ಲಿ ತಟ್ಟೆಯ ಆಕಾರದ ತಂತಿಸುರುಳಿ, ಹಿಡಿಯ ಬಳಿ ಒಂದು ಪೆಟ್ಟಿಗೆ, ಕಿವಿಗೆ ಹೆಡ್‌ಫೋನು: ಇಷ್ಟೇ ಅದರ ಹೊರ ರೂಪ. ಚಿನ್ನದ ಗಟ್ಟಿಯನ್ನು ಅರಸುವವರೂ, ಹಳೆಯ ನಾಣ್ಯವನ್ನು ಹುಡುಕುವವರೂ, ಯುದ್ಧ ಮುಗಿದ ಮೇಲೂ ಹೊಲಗದ್ದೆಗಳಲ್ಲಿ ಉಳಿದ ನೆಲಬಾಂಬುಗಳನ್ನು ತೆಗೆಯುವವರೂ ಇದನ್ನೇ ನಂಬಿದ್ದಾರೆ.

ಇಂತಹ ಯಂತ್ರವೊಂದರ ತೂಕ ಎರಡು ಮೂರು ಕಿಲೋಗ್ರಾಂ ಎಂದರೆ ಅದೇನೂ ಮಹಾಭಾರವೆನಿಸದು. ಮಾರುಕಟ್ಟೆಯಿಂದ ಬರುವ ಗೃಹಿಣಿಯ ತರಕಾರಿಯ ಚೀಲ ಅದಕ್ಕಿಂತ ಹೆಚ್ಚು ತೂಗುತ್ತದೆ. ಆದರೆ ಆ ಚೀಲವನ್ನು ಕೋಲಿನ ತುದಿಗೆ ಕಟ್ಟಿ, ಕೈಯನ್ನು ಮುಂದೆ ಚಾಚಿ, ನೆಲಕ್ಕೆ ತಗಲದಂತೆ ಎರಡು ಬೆರಳಿನ ಎತ್ತರದಲ್ಲಿ ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ಬೀಸುತ್ತ ನಡೆಯಬೇಕೆಂದರೆ ಮಾತು ಬೇರೆಯಾಗುತ್ತದೆ. ಒಂದು ಬೀಸಿಗೆ ಎರಡು ಸೆಕೆಂಡು ಎಂದು ಎಣಿಸಿದರೂ ಗಂಟೆಗೆ 1,800 ಬೀಸುಗಳಾದವು. ಆರು ಗಂಟೆಗಳ ದುಡಿಮೆಯಲ್ಲಿ 10,800 ಬೀಸುಗಳು. ಸಂಜೆಯ ಹೊತ್ತಿಗೆ ಮಣಿಕಟ್ಟು, ಮೊಣಕೈ, ಭುಜ ಮೂರೂ ಒಂದೇ ಸಮನೆ ದೂರು ಹೇಳತೊಡಗುವುದರಲ್ಲಿ ಆಶ್ಚರ್ಯವೇನು?

ನೋವಷ್ಟೇ ಆಗಿದ್ದರೆ ಸಹಿಸಬಹುದಿತ್ತು. ಕೈ ದಣಿದಾಗ ಸುರುಳಿ ನೆಲಕ್ಕೆ ಸಮಾನಾಂತರವಾಗಿ ಚಲಿಸುವುದಿಲ್ಲ. ಬೀಸಿನ ಎರಡು ಕೊನೆಗಳಲ್ಲಿ ತೊಟ್ಟಿಲಿನಂತೆ ಮೇಲಕ್ಕೇಳುತ್ತದೆ. ಲೋಹಶೋಧಕಕ್ಕೆ ದೂರವೇ ದೊಡ್ಡ ವೈರಿ. ಸುರುಳಿಯ ಅಗಲಕ್ಕಿಂತ ಬಹಳ ಆಳದಲ್ಲಿರುವ ಚಿಕ್ಕ ವಸ್ತುವಿನ ವಿಷಯದಲ್ಲಿ ದೂರವು ಇಮ್ಮಡಿಯಾದರೆ ಮರಳಿ ಬರುವ ಸಂಕೇತವು ಹೆಚ್ಚುಕಡಮೆ ಅರವತ್ತನಾಲ್ಕರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಆದುದರಿಂದ ದಣಿದ ಕೈ ಒಂದಂಗುಲ ಮೇಲೆತ್ತಿದುದನ್ನು ಕಿವಿ ಕಳೆದುಕೊಳ್ಳುತ್ತದೆ. ಚಿನ್ನ ಹುಡುಕುವವನಿಗೆ ಅದರಿಂದ ಒಂದು ಗಟ್ಟಿ ತಪ್ಪಬಹುದು. ನೆಲಬಾಂಬು ಹುಡುಕುವವನಿಗೆ ಕಾಲೇ ಹೋಗಬಹುದು. ಯಂತ್ರವನ್ನು ಹಗುರಗೊಳಿಸುವ ಪ್ರಯತ್ನದ ಹಿಂದೆ ಇರುವುದು ಕೇವಲ ಸುಖದ ಆಸೆಯಲ್ಲ.

ಯುದ್ಧಭೂಮಿಯ ಪಾಠ

1941ರ ಆರಂಭದಲ್ಲಿ ಅಬಿಸೀನಿಯದ ದಾರಿಯಲ್ಲಿ ಭಾರತೀಯ ಸೇನೆಯ ಸೆಕೆಂಡ್ ಲೆಫ್ಟಿನೆಂಟ್ ಪ್ರೇಮೀಂದ್ರ ಸಿಂಗ್ ಭಗತ್ ಎಂಬ ತರುಣ ಇಂಜಿನಿಯರು ನಾಲ್ಕು ದಿನಗಳಲ್ಲಿ 55 ಮೈಲಿಗಳ ಉದ್ದಕ್ಕೂ ಹರಡಿದ್ದ ಹದಿನೈದು ನೆಲಬಾಂಬು ಪ್ರದೇಶಗಳನ್ನು ಪತ್ತೆಹಚ್ಚಿ ತೆರವು ಮಾಡಿಸಿದರು. ಅವರ ವಾಹನ ಎರಡು ಬಾರಿ ಸ್ಫೋಟಕ್ಕೆ ಸಿಕ್ಕಿತು. ಕಿವಿಯ ತಮಟೆ ಹರಿಯಿತು. ದಣಿವಿನಿಂದ ಬಸವಳಿದಿದ್ದರೂ ತಮ್ಮ ಸ್ಥಾನಕ್ಕೆ ಇನ್ನೊಬ್ಬರು ಬರುವುದನ್ನು ಅವರು ಒಪ್ಪಲಿಲ್ಲ. ಈ ಸಾಹಸಕ್ಕಾಗಿ ಅವರಿಗೆ ವಿಕ್ಟೋರಿಯಾ ಕ್ರಾಸ್ ದೊರೆಯಿತು. ಅಂತಹ ಧೈರ್ಯವು ವಂದನೀಯ. ಆದರೆ ಪ್ರತಿಯೊಬ್ಬ ಸೈನಿಕನಿಂದಲೂ ಅದನ್ನು ನಿರೀಕ್ಷಿಸಿ ಯುದ್ಧ ನಡೆಸಲಾಗದು. ಸಾಮಾನ್ಯನ ಕೈಗೂ ಒಗ್ಗುವ ಸಾಧನ ಬೇಕಾಗಿತ್ತು.

ಅದನ್ನು ಒದಗಿಸಿದವರು ಪೋಲೆಂಡಿನ ಇಂಜಿನಿಯರು ಯೂಜೆಫ್ ಕೊಸಾಟ್ಸ್ಕಿ. ತಾಯ್ನಾಡು ಶತ್ರುವಿನ ವಶವಾಗಿದ್ದ ಕಾಲದಲ್ಲಿ, ಸ್ಕಾಟ್ಲೆಂಡಿನಲ್ಲಿ ನೆಲೆಸಿದ್ದ ಪೋಲಿಷ್ ಸೇನೆಯಲ್ಲಿದ್ದುಕೊಂಡು ಅವರು 1941ರಲ್ಲಿ ಈ ಯಂತ್ರದ ರಚನೆಯನ್ನು ಸಿದ್ಧಪಡಿಸಿದರು. ಅದರ ತತ್ತ್ವ ಸರಳವಾದುದು. ಎರಡು ಸುರುಳಿಗಳಲ್ಲಿ ಒಂದು ಆಂದೋಲಿಸುವ ವಿದ್ಯುತ್ತನ್ನು ಪಡೆಯುತ್ತದೆ. ಇನ್ನೊಂದು ವರ್ಧಕದ ಮೂಲಕ ಕಿವಿಯ ಟೆಲಿಫೋನಿಗೆ ಸೇರಿರುತ್ತದೆ. ಇವೆರಡರ ನಡುವೆ ಸಮತೋಲ ಇರುವವರೆಗೆ ಮೌನ. ಹತ್ತಿರ ಲೋಹ ಬಂದೊಡನೆ ಸಮತೋಲ ಕೆಟ್ಟು ಕಿವಿಯಲ್ಲಿ ಧ್ವನಿ ಏಳುತ್ತದೆ. ಕೊಸಾಟ್ಸ್ಕಿಯವರು ತಮ್ಮ ಶೋಧಕ್ಕೆ ಹಣ ಬೇಡಲಿಲ್ಲ. ದೊರೆ ಆರನೆಯ ಜಾರ್ಜನಿಂದ ಬಂದ ಕೃತಜ್ಞತೆಯ ಪತ್ರವೇ ಅವರಿಗೆ ದೊರೆತ ಸಂಭಾವನೆ.

1942ರ ಅಕ್ಟೋಬರಿನಲ್ಲಿ ಈಜಿಪ್ಟಿನ ಎಲ್ ಅಲಮೇನಿನ ಯುದ್ಧಕ್ಕೆ ಮುನ್ನ ಇಂತಹ 500 ಯಂತ್ರಗಳು ಬ್ರಿಟಿಷರ ಎಂಟನೆಯ ಸೇನೆಯನ್ನು ಸೇರಿದವು. ನೆಲವನ್ನು ಚುಚ್ಚಿ ನೋಡುತ್ತ ಗಂಟೆಗೆ ಸುಮಾರು ನೂರು ಮೀಟರು ಸಾಗುತ್ತಿದ್ದ ಕೆಲಸ ಅವುಗಳ ನೆರವಿನಿಂದ ಇನ್ನೂರು ಮೀಟರಿಗೆ ಏರಿತು. ಈ ಯಂತ್ರದ ತೂಕ ಹದಿನಾಲ್ಕು ಕಿಲೋಗ್ರಾಮಿಗೆ ತುಸು ಕಡಮೆ. ಇಷ್ಟು ಭಾರ ಕೋಲಿನ ಮೇಲೆಯೇ ಇದ್ದಿದ್ದರೆ ಯಾವ ಸೈನಿಕನೂ ಅದನ್ನು ಹತ್ತು ನಿಮಿಷ ಬೀಸಲಾರನಾಗಿದ್ದನು. ಭಾರವಾದ ಪೆಟ್ಟಿಗೆಯನ್ನು ದೇಹ ಹೊರುತ್ತಿತ್ತು. ಕೈಗೆ ಉಳಿಯುತ್ತಿದ್ದುದು ಕೋಲು ಮತ್ತು ಸುರುಳಿ ಮಾತ್ರ. ಯಂತ್ರದ ಒಟ್ಟು ತೂಕ ಒಂದು, ಕೈ ಹೊರುವ ತೂಕ ಇನ್ನೊಂದು ಎಂಬ ಪಾಠ ಅಂದೇ ದೊರೆತಿತ್ತು. ಇಂದಿನ ಎಲ್ಲ ಮಾರ್ಪಾಟುಗಳಿಗೂ ಮೂಲಸೂತ್ರ ಇದೇ.

ತಕ್ಕಡಿಯ ನ್ಯಾಯ

ಕೈಯಲ್ಲಿ ಹಿಡಿದ ಲೋಹಶೋಧಕವೂ ಒಂದು ತಕ್ಕಡಿಯೇ. ಹಿಡಿಯೇ ಅದರ ಆನಿಕೆ. ಮುಂದೆ ಸುರುಳಿ ಇದೆ, ಹಿಂದೆ ಮೊಣಕೈಯನ್ನು ಆನಿಸುವ ಬಟ್ಟಲಿದೆ. ಏತದ ಮರದ ಹಿಂತುದಿಗೆ ಕಲ್ಲುಗುಂಡು ಕಟ್ಟಿ ಮುಂತುದಿಯ ನೀರಿನ ಬಾನೆಯನ್ನು ಹಗುರಾಗಿ ಮೇಲೆತ್ತುವ ರೈತನಿಗೆ ಈ ನ್ಯಾಯವನ್ನು ಯಾರೂ ಹೊಸದಾಗಿ ಹೇಳಿಕೊಡಬೇಕಾಗಿಲ್ಲ.

ಒಂದು ಉದಾಹರಣೆಯನ್ನು ನೋಡೋಣ. ಸುರುಳಿಯ ತೂಕ 800 ಗ್ರಾಂ. ಅದು ಹಿಡಿಯಿಂದ 80 ಸೆಂಟಿಮೀಟರು ಮುಂದಿದೆ. ಹಿಡಿಯಿಂದ 40 ಸೆಂಟಿಮೀಟರು ಹಿಂದೆ, ಮೊಣಕೈಯ ಬಳಿ, ಅದಕ್ಕೆ ಸರಿದೂಗುವ ಭಾರವನ್ನು ಇಡಬೇಕಾದರೆ 1,600 ಗ್ರಾಂ ಬೇಕು. ಇಟ್ಟೊಡನೆ ಕೋಲಿನ ಮೂತಿ ನೆಲಕ್ಕೆ ಕುಸಿಯುವುದು ನಿಲ್ಲುತ್ತದೆ. ಮಣಿಕಟ್ಟಿಗೆ ಬಿಡುಗಡೆ ದೊರೆಯುತ್ತದೆ. ಆದರೆ ಭುಜ ಈಗ 800ಕ್ಕೆ ಬದಲಾಗಿ 2,400 ಗ್ರಾಂ ಹೊರಬೇಕು. ಅದಲ್ಲದೆ ಬೀಸುವ ಕ್ರಿಯೆಗೆ ಒಡ್ಡುವ ಪ್ರತಿರೋಧ ದೂರದ ವರ್ಗವನ್ನು ಅನುಸರಿಸುವುದರಿಂದ, ಹಿಡಿಯನ್ನೇ ತಿರುಗುಣಿಯೆಂದು ಎಣಿಸಿದರೆ, ಅದು ಒಂದೂವರೆ ಪಟ್ಟಾಗುತ್ತದೆ. ತಕ್ಕಡಿ ಸಮವಾಯಿತು, ಭಾರ ಕರಗಲಿಲ್ಲ.

ಇದಕ್ಕೆ ಬದಲಾಗಿ 500 ಗ್ರಾಮಿನ ಸುರುಳಿಯನ್ನು ಜೋಡಿಸಿದರೆ? ಹಿಂದೆ ಸಾವಿರ ಗ್ರಾಂ ಸಾಕು, ಒಟ್ಟು 1,500. ತುದಿಯಲ್ಲಿ ಕಡಮೆಯಾದ 300 ಗ್ರಾಂ ಒಟ್ಟಿನಲ್ಲಿ 900 ಗ್ರಾಂ ಉಳಿಸಿತು. ಯಂತ್ರವನ್ನು ಹಗುರಗೊಳಿಸಬೇಕೆನ್ನುವವರು ಅನುಸರಿಸಬೇಕಾದ ಕ್ರಮ ಇದರಿಂದ ಸ್ಪಷ್ಟವಾಗುತ್ತದೆ: ಮೊದಲು ತುದಿಯ ಭಾರವನ್ನು ಇಳಿಸಬೇಕು, ಅನಂತರ ಕೋಲಿನ ಮೇಲಿನ ಭಾರವನ್ನು ದೇಹಕ್ಕೆ ವರ್ಗಾಯಿಸಬೇಕು, ಉಳಿದುದನ್ನು ಸಮತೋಲಗೊಳಿಸಬೇಕು, ಅದೂ ಸಾಲದಿದ್ದರೆ ಭುಜದಿಂದ ತೂಗುಹಾಕಬೇಕು.

ತುದಿಯಿಂದ ಸೊಂಟಕ್ಕೆ

ತುದಿಯ ಭಾರವನ್ನು ಇಳಿಸಲು ಖರ್ಚಿಲ್ಲದ ಉಪಾಯವೊಂದಿದೆ. ಸುರುಳಿಯ ಅಡಿಯಲ್ಲಿ ಸವೆತವನ್ನು ತಡೆಯುವ ಪ್ಲಾಸ್ಟಿಕ್ಕಿನ ಕವಚವಿರುತ್ತದೆ. ಅದರೊಳಗೆ ದಿನದಿನವೂ ಮಣ್ಣು, ಮರಳು ಸೇರಿಕೊಳ್ಳುತ್ತದೆ. ಕವಚವನ್ನು ಬಿಚ್ಚಿ ತೊಳೆದರೆ ಭಾರ ಇಳಿಯುತ್ತದೆ. ಖನಿಜಯುಕ್ತ ಮಣ್ಣು ಎಬ್ಬಿಸುವ ಸುಳ್ಳು ಸದ್ದೂ ತಗ್ಗುತ್ತದೆ. ಎರಡನೆಯದು, ಚಿಕ್ಕ ಸುರುಳಿ ಅಥವಾ ನಡುವೆ ತೆರಪುಗಳುಳ್ಳ ಜೇಡರಬಲೆಯಂತಹ ಸುರುಳಿ. ಚಿಕ್ಕ ಸುರುಳಿ ಮೇಲ್ಪದರದ ಸಣ್ಣ ಕಣಗಳನ್ನು ಚೆನ್ನಾಗಿ ಗುರುತಿಸುತ್ತದೆ. ಆದರೆ ಆಳದ ದೊಡ್ಡ ವಸ್ತುವಿನ ಮಟ್ಟಿಗೆ ಹಿಂದುಳಿಯುತ್ತದೆ, ಒಂದು ಬೀಸಿಗೆ ಕಡಮೆ ನೆಲವನ್ನು ನೋಡುತ್ತದೆ. ಹಗುರಾದುದಕ್ಕೆ ತೆರಬೇಕಾದ ಬೆಲೆಯಿದು.

ಕೋಲಿನ ವಿಷಯಕ್ಕೆ ಬಂದರೆ, ಅಲ್ಯೂಮಿನಿಯಂ ಕೊಳವೆಗೆ ಬದಲಾಗಿ ಇಂಗಾಲದ ನಾರಿನ ಕೊಳವೆಯನ್ನು ಹಾಕಿಕೊಳ್ಳುವವರು ಅನೇಕರು. ಅದು ಹಗುರ, ಬಾಗದಷ್ಟು ಗಡುಸು. ಆದರೆ ಇಂಗಾಲದ ನಾರು ಅಲ್ಪಸ್ವಲ್ಪ ವಿದ್ಯುತ್ತನ್ನು ಹರಿಯಗೊಡುವುದರಿಂದ, ಅತಿ ಸೂಕ್ಷ್ಮವಾದ ಯಂತ್ರಗಳಲ್ಲಿ ಸುರುಳಿಗೆ ತೀರ ಸಮೀಪದಲ್ಲಿದ್ದರೆ ತಾನೇ ಲೋಹದಂತೆ ಸದ್ದೆಬ್ಬಿಸಬಹುದು. ಆ ಕಾರಣದಿಂದ ಕೊನೆಯ ತುಂಡು ಗಾಜಿನ ನಾರಿನದಾಗಿರುವುದು ಕ್ಷೇಮ. ಸುರುಳಿಯನ್ನು ಬಿಗಿಯುವ ಮೊಳೆಯೂ ಪ್ಲಾಸ್ಟಿಕ್ಕಿನದೇ ಆಗಿರಬೇಕು.

ಬ್ಯಾಟರಿ ಇನ್ನೊಂದು ದೊಡ್ಡ ಭಾರ. ಸಮಾನ ಶಕ್ತಿಯನ್ನು ಹಿಡಿದಿಡಲು ಲಿಥಿಯಂ ಅಯಾನ್ ಬ್ಯಾಟರಿಗೆ ಬೇಕಾಗುವ ತೂಕ ಹಳೆಯ ಸೀಸದ ಬ್ಯಾಟರಿಯ ಕಾಲುಭಾಗದಷ್ಟು ಸಹ ಇಲ್ಲ. ಪೆನ್ನಿನ ಗಾತ್ರದ ಸಾಮಾನ್ಯ ಸೆಲ್ಲುಗಳಲ್ಲಿಯೂ ವ್ಯತ್ಯಾಸವುಂಟು: ಎಂಟು ಆಲ್ಕಲೈನ್ ಸೆಲ್ಲುಗಳು ಸುಮಾರು 185 ಗ್ರಾಂ ತೂಗಿದರೆ, ಎಂಟು ಲಿಥಿಯಂ ಸೆಲ್ಲುಗಳು ಸುಮಾರು 120 ಗ್ರಾಂ. ಬ್ಯಾಟರಿಯನ್ನು ಎಲ್ಲಿ ಇಡಬೇಕೆಂಬುದು ಇನ್ನೂ ಮುಖ್ಯ. ಬೆನ್ನಿನ ಚೀಲದಲ್ಲಿಟ್ಟರೆ ಕೈಗೆ ಅದರ ಪರಿವೆಯೇ ಇರುವುದಿಲ್ಲ. ಮೊಣಕೈಯ ಹಿಂದೆ ಕಟ್ಟಿದರೆ ಏತದ ಗುಂಡಿನ ಕೆಲಸ ಮಾಡುತ್ತದೆ.

ನಿಯಂತ್ರಣ ಪೆಟ್ಟಿಗೆಯನ್ನು ಕೋಲಿನಿಂದ ಬಿಡಿಸಿ ಸೊಂಟದ ಪಟ್ಟಿಗೆ ಕಟ್ಟಿಕೊಳ್ಳುವುದು ಬಹುಕಾಲದಿಂದ ಬಂದ ರೂಢಿ. ಭಾರವಾದ ಯಂತ್ರವನ್ನು ಹಿಡಿದು ದಿನವಿಡೀ ಅಲೆಯುವ ಆಸ್ಟ್ರೇಲಿಯದ ಚಿನ್ನಾನ್ವೇಷಕರು ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಎದೆ ಮತ್ತು ಬೆನ್ನಿಗೆ ಪಟ್ಟಿಗಳನ್ನು ತೊಟ್ಟು, ಭುಜದ ಕಡೆಯಿಂದ ಇಳಿಬಿಟ್ಟ ರಬ್ಬರಿನ ಹಗ್ಗಕ್ಕೆ ಯಂತ್ರವನ್ನು ತೂಗುಹಾಕುತ್ತಾರೆ. ಹಗ್ಗ ಹೊರುತ್ತದೆ, ಕೈ ದಾರಿ ತೋರುತ್ತದೆ. 1980ರಲ್ಲಿ ವಿಕ್ಟೋರಿಯಾ ಪ್ರಾಂತದ ಕಿಂಗೋವರಿನ ಬಳಿ ಲೋಹಶೋಧಕದಿಂದ ದೊರೆತ 'ಹ್ಯಾಂಡ್ ಆಫ್ ಫೇತ್' ಎಂಬ ಚಿನ್ನದ ಗಟ್ಟಿಯ ತೂಕ 27.2 ಕಿಲೋಗ್ರಾಂ ಎಂಬುದನ್ನು ನೆನೆದರೆ, ಆ ನಾಡಿನ ಜನ ಬಿಸಿಲಿನಲ್ಲಿ ಇಷ್ಟು ಪಾಡು ಪಡುವುದೇಕೆಂಬುದು ತಿಳಿಯುತ್ತದೆ.

ಎಚ್ಚರಿಕೆಯ ಮಾತು

ಕೈಚಳಕವಿದೆಯೆಂದು ಎಲ್ಲವನ್ನೂ ಬಿಚ್ಚಹೊರಡುವುದು ಜಾಣತನವಲ್ಲ. ಸುರುಳಿಯಿಂದ ಪೆಟ್ಟಿಗೆಗೆ ಬರುವ ತಂತಿ ಉದ್ದವಾಯಿತೆಂದು ಕತ್ತರಿಸಲಾಗದು. ಆ ತಂತಿಯ ಉದ್ದವೂ ಯಂತ್ರದ ವಿದ್ಯುತ್ ಲೆಕ್ಕದಲ್ಲಿ ಸೇರಿರುತ್ತದೆ; ಕತ್ತರಿಸಿದರೆ ಶ್ರುತಿ ಕೆಡುತ್ತದೆ. ಹೆಚ್ಚಾದ ತಂತಿಯನ್ನು ಕೋಲಿಗೆ ಬಿಗಿಯಾಗಿ ಸುತ್ತಬೇಕು. ಸಡಿಲವಾಗಿ ಅಲ್ಲಾಡಿದರೆ ಇಲ್ಲದ ಲೋಹ ಕೂಗುತ್ತದೆ. ಹೊಸ ಬ್ಯಾಟರಿಯ ವೋಲ್ಟೇಜು ಹಳೆಯದಕ್ಕೆ ಹೊಂದಬೇಕು. ವೋಲ್ಟೇಜನ್ನು ಬದಲಿಸುವ ಅಗ್ಗದ ಸಾಧನವನ್ನು ನಡುವೆ ಸೇರಿಸಿದರೆ ಅದರ ವಿದ್ಯುತ್ ಗದ್ದಲವೇ ಸೂಕ್ಷ್ಮ ಸಂಕೇತಗಳನ್ನು ನುಂಗಿಹಾಕಬಹುದು. ಲಿಥಿಯಂ ಬ್ಯಾಟರಿಯ ರಕ್ಷಣಾ ಮಂಡಲವನ್ನು ತೆಗೆಯುವುದಂತೂ ಬೆಂಕಿಯೊಡನೆ ಸರಸವಾಡಿದಂತೆ. ಪ್ರತಿಯೊಂದು ಬದಲಾವಣೆಯ ಅನಂತರವೂ ಗೊತ್ತಾದ ಆಳದಲ್ಲಿ ಒಂದು ನಾಣ್ಯವನ್ನು ಹೂತು, ಮೊದಲು ಕೇಳಿಸುತ್ತಿದ್ದಷ್ಟೇ ಸ್ಪಷ್ಟವಾಗಿ ಈಗಲೂ ಕೇಳಿಸುವುದೇ ಎಂದು ಪರೀಕ್ಷಿಸುವುದು ಒಳ್ಳೆಯ ಪದ್ಧತಿ.

ಬಳಸುವವರ ಈ ಪರದಾಟ ತಯಾರಕರ ಕಿವಿಗೂ ಬಿದ್ದಿದೆ. ಆಸ್ಟ್ರೇಲಿಯದ ಮೈನ್‌ಲ್ಯಾಬ್ ಸಂಸ್ಥೆ 2015ರಲ್ಲಿ ಹೊರತಂದ ಚಿನ್ನಶೋಧಕ ಯಂತ್ರವೊಂದು 3.3 ಕಿಲೋಗ್ರಾಮಿನಷ್ಟು ತೂಗುತ್ತಿತ್ತು. 2021ರಲ್ಲಿ ಅದೇ ಸಂಸ್ಥೆಯಿಂದ ಬಂದ ಇನ್ನೊಂದರ ತೂಕ ಸುಮಾರು 2.1 ಕಿಲೋಗ್ರಾಂ. ಫ್ರಾನ್ಸಿನ ಎಕ್ಸ್‌ಪಿ ಸಂಸ್ಥೆಯಂತೂ ಸುರುಳಿ ಮತ್ತು ಪೆಟ್ಟಿಗೆಯ ನಡುವಣ ತಂತಿಯನ್ನೇ ತೆಗೆದುಹಾಕಿ, ರೇಡಿಯೋ ಅಲೆಗಳಿಂದ ಅವುಗಳಿಗೆ ಸಂಬಂಧ ಕಲ್ಪಿಸಿ, ಇಡೀ ಯಂತ್ರವನ್ನು ಒಂದು ಕಿಲೋಗ್ರಾಮಿನ ಒಳಗೆ ತಂದಿತು. 1947ರಲ್ಲಿ ಹುಟ್ಟಿದ ಟ್ರಾನ್ಸಿಸ್ಟರು ಗಾಜಿನ ರೇಡಿಯೋ ಕವಾಟಗಳನ್ನೂ ಅವುಗಳಿಗೆ ಬೇಕಾಗಿದ್ದ ಭಾರಿ ಬ್ಯಾಟರಿಗಳನ್ನೂ ಮೂಲೆಗೊತ್ತದಿದ್ದರೆ ಇದಾವುದೂ ಸಾಧ್ಯವಾಗುತ್ತಿರಲಿಲ್ಲ.

ಕೊಸಾಟ್ಸ್ಕಿಯವರು 1990ರಲ್ಲಿ ವಾರ್ಸಾದಲ್ಲಿ ತೀರಿಕೊಂಡರು. ಶತ್ರುವಿನ ವಶದಲ್ಲಿದ್ದ ಪೋಲೆಂಡಿನಲ್ಲೇ ಉಳಿದಿದ್ದ ಅವರ ಬಂಧುಗಳಿಗೆ ಅಪಾಯವಾಗದಿರಲೆಂದು ಯುದ್ಧಕಾಲದಲ್ಲಿ ಅವರ ನಿಜನಾಮವನ್ನು ಮರೆಸಲಾಗಿತ್ತು. ಅವರು ಹಾಕಿಕೊಟ್ಟ ಮಾದರಿಯ ಸುಧಾರಿತ ರೂಪಗಳು ಬ್ರಿಟಿಷ್ ಸೇನೆಯಲ್ಲಿ ಸುಮಾರು ಅರ್ಧ ಶತಮಾನ ಬಾಳಿದವು. ನೆಲಬಾಂಬುಗಳನ್ನು ನಿಷೇಧಿಸುವ ಒಪ್ಪಂದಕ್ಕೆ 1997ರಲ್ಲಿ ಆಟವದಲ್ಲಿ ಅನೇಕ ರಾಷ್ಟ್ರಗಳು ಸಹಿ ಹಾಕಿದವು. ಆದರೂ ಹಿಂದೆ ಹೂತವು ತಾವಾಗಿ ಎದ್ದುಹೋಗುವುದಿಲ್ಲ. ಅವುಗಳಲ್ಲಿ ಹಲವು ಪ್ಲಾಸ್ಟಿಕ್ಕಿನವು. ಲೋಹವೆಂದರೆ ಒಳಗಿನ ಒಂದು ಚಿಕ್ಕ ಮುಳ್ಳು ಮಾತ್ರ. ಅದರ ಪಿಸುದನಿಯನ್ನು ಆಲಿಸಲು ಮನುಷ್ಯನ ಗಮನವೆಲ್ಲವೂ ಕಿವಿಯಲ್ಲಿರಬೇಕು. ಭುಜದ ನೋವು ಆ ಗಮನದಲ್ಲಿ ಒಂದು ಪಾಲನ್ನು ಕಿತ್ತುಕೊಳ್ಳುತ್ತದೆ. ತುದಿಯಿಂದ ಇಳಿದ ನೂರು ಗ್ರಾಮಿಗೆ ಅಲ್ಲಿ ಚಿನ್ನಕ್ಕಿಂತ ಹೆಚ್ಚಿನ ಬೆಲೆಯುಂಟು.