ಲೆಕ್ಕದ ಪುಸ್ತಕ ಹಿಡಿದವರಿಗೂ ಒಂದು ಶಾಲು

ಕಳೆದ ರಜೆಯಲ್ಲಿ ನಂಜನಗೂಡು ತಾಲೂಕಿನ ಹೆಡತಲೆಗೆ ಹೋಗಿದ್ದೆವು, ಪರಿಚಯದವರ ಮನೆಯ ನಿಕಾಹ್‌ಗೆ. ಊಟ ಮುಗಿಸಿ ಚಪ್ಪರದಡಿ ಕೂತಿದ್ದಾಗ ಗಲ್ಫ್‌ನಿಂದ ಬಂದಿದ್ದ ಹುಡುಗನೊಬ್ಬ ಮೊಬೈಲಿನಲ್ಲಿ ಫೋಟೊ ತೋರಿಸಿದ. ಕಂಪೆನಿಯವರು ಅವನಿಗೆ ಆ ವರ್ಷದ ಪ್ರಶಸ್ತಿ ಕೊಟ್ಟಿದ್ದರು. ಅವನದ್ದು ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಕೆಲಸ.

"ನೀನು ಅಲ್ಲಿ ಕಲ್ಲು ಕಟ್ಟಿದ್ದೀಯಾ?" ಅವನ ಬಾಪ ಕೇಳಿದರು.

"ಇಲ್ಲ ಬಾಪ. ಯಾವ ಸಾಮಾನು ಯಾವಾಗ ಬರ್ಬೇಕು, ಯಾರು ಏನು ಮಾಡ್ಬೇಕು, ದುಡ್ಡು ಎಷ್ಟು, ಎಲ್ಲಿ ತಡ ಆಗ್ತದೆ, ಅದನ್ನೆಲ್ಲ ನೋಡುವುದು."

"ನಮ್ಮ ಮಸೀದಿ ಕಟ್ಟುವಾಗ ಸೆಕ್ರೆಟರಿ ಮಾಡಿದ್ದೂ ಅದೇ ಅಲ್ವಾ? ಅವರಿಗೆ ಯಾರು ಏನು ಕೊಟ್ರು?"

ಎಲ್ಲರೂ ನಕ್ಕರು. ಆದರೆ ಆ ಮಾತು ನಮ್ಮನ್ನು ಊರು ಮುಟ್ಟುವವರೆಗೂ ಬಿಡಲಿಲ್ಲ.

ಈ ಕೆಲಸಕ್ಕೆಂದೇ 1969ರಲ್ಲಿ ಅಮೆರಿಕದಲ್ಲಿ ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಇನ್‌ಸ್ಟಿಟ್ಯೂಟ್ ಎಂಬ ಸಂಸ್ಥೆ ಶುರುವಾಯಿತು. ಗಲ್ಫ್‌ನ ಉದ್ಯೋಗ ಜಾಹೀರಾತುಗಳಲ್ಲಿ ಕಾಣುವ 'ಪಿಎಂಪಿ' ಸರ್ಟಿಫಿಕೇಟ್ ಇದರದ್ದೇ. ಊರೂರಿನ ಇದರ ಘಟಕಗಳನ್ನು ನಡೆಸುವವರು ಸ್ವಯಂಸೇವಕರು. ಬೆಂಗಳೂರಿನಲ್ಲೂ ಒಂದು ಘಟಕವಿದೆ. ಒಳ್ಳೆಯ ಯೋಜನೆಗಳಿಗೆ ಮಾತ್ರವಲ್ಲ, ಸಂಬಳವಿಲ್ಲದೆ ದುಡಿದವರಿಗೂ ಈ ಸಂಸ್ಥೆ ಪ್ರಶಸ್ತಿ ಕೊಡುತ್ತದೆ.

ನಮಗೆ ಈ ವಿದ್ಯೆ ಹೊಸದೇನಲ್ಲ. ಏಳು ವರ್ಷ ಧಾನ್ಯ ಕೂಡಿಟ್ಟು, ಮುಂದಿನ ಏಳು ವರ್ಷದ ಬರದಲ್ಲಿ ಜನರನ್ನು ಉಳಿಸಿದ ಪ್ರವಾದಿ ಯೂಸುಫ್(ಅ)ರ ಕಥೆಯನ್ನು ಮದ್ರಸದ ಮಕ್ಕಳೂ ಹೇಳ್ತಾರೆ. ಭಂಡಾರದ ಹೊಣೆ ಕೇಳುವಾಗ ಅವರು ಹೇಳಿಕೊಂಡ ಅರ್ಹತೆ ಎರಡೇ: ಕಾಪಾಡುವ ನಂಬಿಕೆ ಮತ್ತು ಕೆಲಸದ ಅರಿವು.

ಈಗ ನಮ್ಮ ಸಭೆಗಳನ್ನು ನೋಡೋಣ. ಮೀಲಾದ್ ಇರಲಿ, ಮದ್ರಸ ವಾರ್ಷಿಕ ಇರಲಿ, ಶಾಲು ಹೋಗುವುದು ಹೆಚ್ಚಾಗಿ ದೊಡ್ಡ ಮೊತ್ತ ಕೊಟ್ಟವರಿಗೆ. ಕೊಟ್ಟವರನ್ನು ಗೌರವಿಸುವುದು ತಪ್ಪಲ್ಲ. ಆದರೆ ಆ ಹಣಕ್ಕೆ ರಶೀದಿ ಬರೆದವರು, ಸಿಮೆಂಟ್ ಲಾರಿಗಾಗಿ ರಾತ್ರಿ ಕಾದವರು, ಪಂಚಾಯತ್ ಕಚೇರಿಗೆ ಹತ್ತು ಸಲ ಅಲೆದವರು ಆ ದಿನವೂ ಕುರ್ಚಿ ಹಾಕುತ್ತಾ, ಊಟ ಬಡಿಸುತ್ತಾ ಇರ್ತಾರೆ. ಬ್ಯಾರಿ ಭಾಷೆ, ಸಾಹಿತ್ಯಕ್ಕೆ ದುಡಿದವರಿಗೆ ಕರ್ನಾಟಕ ಬ್ಯಾರಿ ಸಾಹಿತ್ಯ ಅಕಾಡೆಮಿ ಗೌರವ ಪ್ರಶಸ್ತಿ ಕೊಡುತ್ತದೆ. ಊರಿನ ಕೆಲಸ ಮುಗಿಸಿಕೊಟ್ಟವರನ್ನು ಹುಡುಕುವವರು ಯಾರು?

ಹರೇಕಳ ಹಾಜಬ್ಬರನ್ನು ನೆನಪಿಸಿಕೊಳ್ಳಿ. ಶಾಲೆಯ ಮೆಟ್ಟಿಲು ಹತ್ತದವರು, ಮಂಗಳೂರಿನಲ್ಲಿ ಕಿತ್ತಳೆ ಮಾರುತ್ತಿದ್ದವರು. ವಿದೇಶಿಯರು ಇಂಗ್ಲಿಷಿನಲ್ಲಿ ಬೆಲೆ ಕೇಳಿದಾಗ ಉತ್ತರಿಸಲಾಗದೆ ನೊಂದರು. ತಮ್ಮ ನ್ಯೂಪಡ್ಪುವಿಗೆ ಶಾಲೆ ಬೇಕೆಂದು ಹೊರಟರು. ಆಗಿನ ಶಾಸಕ ಯು.ಟಿ. ಫರೀದ್ ಅವರ ನೆರವು ಪಡೆದರು, ಕಚೇರಿಗಳಿಗೆ ಅಲೆದರು. ಮೊದಲ ತರಗತಿಗಳು ನಡೆದದ್ದು ಮದ್ರಸದಲ್ಲೇ, 28 ಮಕ್ಕಳೊಂದಿಗೆ. ಆಮೇಲೆ ಜಾಗ, ಕಟ್ಟಡ, ಹೈಸ್ಕೂಲ್, ಹೀಗೆ ಒಂದಾದ ಮೇಲೊಂದು. ಪಿಎಂಪಿಯ ಹೆಸರನ್ನೂ ಕೇಳದೆ ಮಾಡಿದ ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಇದು. 2020ರ ಪದ್ಮಶ್ರೀ ಅವರ ಹೆಸರಿಗೆ ಬಂತು. 2021ರ ನವೆಂಬರ್‌ನಲ್ಲಿ ರಾಷ್ಟ್ರಪತಿಗಳ ಕೈಯಿಂದ ಸ್ವೀಕರಿಸಿದರು. ಬಂದ ಬಹುಮಾನದ ಹಣವನ್ನೂ ಅವರು ಶಾಲೆಗೇ ಹಾಕಿದರು.

"ಉಸ್ತಾದರೇ, ಅಲ್ಲಾಹನಿಗಾಗಿ ಮಾಡಿದ ಕೆಲಸಕ್ಕೆ ಶಾಲು ಹಾಕಿದರೆ ರಿಯಾ ಆಗುವುದಿಲ್ವಾ?" ಎಂದು ಕೇಳುವವರಿದ್ದಾರೆ. ಕೇಳಬೇಕಾದ ಪ್ರಶ್ನೆಯೇ. ಹೊಗಳಿಕೆಗಾಗಿ ಕೆಲಸ ಮಾಡುವುದು ರಿಯಾ. ಇಖ್ಲಾಸ್ ಉಳಿಸಿಕೊಳ್ಳುವುದು ಮಾಡಿದವರ ಹೊಣೆ; ಉಪಕಾರ ನೆನೆಯುವುದು ಪಡೆದವರ ಹೊಣೆ. ಜನರಿಗೆ ಕೃತಜ್ಞನಾಗದವನು ಅಲ್ಲಾಹನಿಗೂ ಕೃತಜ್ಞನಲ್ಲ ಎಂಬ ಆಶಯದ ಪ್ರವಾದಿ(ಸ) ವಚನ ನಮಗೆಲ್ಲ ಗೊತ್ತು.

ಆದ್ದರಿಂದ ನಮ್ಮದೊಂದು ಸಣ್ಣ ಸಲಹೆ. ಪ್ರತಿ ಜಮಾಅತ್ ವರ್ಷಕ್ಕೊಮ್ಮೆ ಒಬ್ಬರನ್ನಾದರೂ ಗುರುತಿಸಲಿ. ಹೆಸರನ್ನು ಕಮಿಟಿಯವರಷ್ಟೇ ಆರಿಸದೆ, ಆ ಕೆಲಸದಿಂದ ಪ್ರಯೋಜನ ಪಡೆದವರನ್ನೂ ಕೇಳಲಿ. ಅರ್ಜಿ ಹಾಕಿದವರಿಗೆ, ದುಡ್ಡು ಕೊಟ್ಟು ಪಡೆಯುವವರಿಗೆ ಬೇಡ. ಶಾಲು ಹಾಕುವ ಮುಂಚೆ ಆ ಕೆಲಸದ ಲೆಕ್ಕ ಓದಲಿ: ಎಷ್ಟು ಬಂತು, ಎಷ್ಟು ಖರ್ಚಾಯಿತು, ಏನು ಬಾಕಿ. ಮರೆಯಲ್ಲಿ ದುಡಿಯುವ ಹೆಂಗಸರ ಹೆಸರೂ ಪಟ್ಟಿಯಲ್ಲಿರಲಿ.

ನಮ್ಮ ಹುಡುಗರು ಗಲ್ಫ್‌ನ ದೊಡ್ಡ ದೊಡ್ಡ ಕಟ್ಟಡಗಳ ಕೆಲಸ ನೋಡಿಕೊಳ್ತಾರೆ. ಅವರು ರಜೆಗೆ ಬಂದಾಗ ಕಮಿಟಿಗೆ ಕರೆದು, ಆ ವಿದ್ಯೆಯನ್ನು ಊರಿನ ಮದ್ರಸ ಕಟ್ಟಡಕ್ಕೂ ಕೊಡಿ ಅಂತ ಕೇಳಬಹುದಲ್ಲ? ಅವರನ್ನು ಕರೆಯುವ ಮೊದಲು, ಇಷ್ಟು ವರ್ಷ ಲೆಕ್ಕದ ಪುಸ್ತಕ ಹಿಡಿದ ಕಾಕನ ಹೆಸರನ್ನು ಒಮ್ಮೆ ಮೈಕಿನಲ್ಲಿ ಹೇಳೋಣ.