ಅಸ್ಥಿ ಮಡಕೆಗೆ ಕಲ್ಲಿನ ಪೆಟ್ಟಿಗೆ

ಅಸ್ಥಿಯ ಜೊತೆ ಹೂತ ಮಣ್ಣಿನ ಮಡಕೆ.
ಮೇಲೆ ಮಣ್ಣಿನ ಭಾರ, ವರ್ಷವರ್ಷವೂ ಮಳೆ.
ಅದನ್ನು ಕಾಪಾಡುವುದು ಹೇಗೆ?

ಮಾಗಡಿ ತಾಲ್ಲೂಕಿನ ಸಾವನದುರ್ಗದ ಬಳಿ
ಕಬ್ಬಿಣ ಯುಗದ ಕಲ್ಗೋರಿಗಳಿವೆ.
1881ರಲ್ಲೇ ಬ್ರಾನ್‌ಫಿಲ್ ಎಂಬ ಬ್ರಿಟಿಷ್ ಅಧಿಕಾರಿ
'ಇಂಡಿಯನ್ ಆಂಟಿಕ್ವೆರಿ' ಪತ್ರಿಕೆಯಲ್ಲಿ
ಇವುಗಳ ಬಗ್ಗೆ ಬರೆದಿದ್ದ.

ಇಂಥ ಗೋರಿಗಳಲ್ಲಿ ಸುಟ್ಟ ಮೂಳೆ ಅಪರೂಪ.
ಹೆಚ್ಚಾಗಿ, ದೇಹ ಕರಗಿದ ಮೇಲೆ ಮೂಳೆ ಆಯ್ದು ಇಡುತ್ತಿದ್ದರು.
ಜೊತೆಗೆ ಮಡಕೆಗಳು:
ಒಳಗೂ ಕಂಠದಲ್ಲೂ ಕಪ್ಪು, ಕೆಳಗೆ ಕೆಂಪು.
ಇವಕ್ಕೆಲ್ಲ ರಕ್ಷಣೆ, ಕಲ್ಲು ಚಪ್ಪಡಿಗಳ ಪೆಟ್ಟಿಗೆ.

ಇದರ ಜಾಣ್ಮೆ ಚೆನ್ನಾಗಿ ಕಂಡದ್ದು ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ.
1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಅಲ್ಲಿ ಉತ್ಖನನ ಮಾಡಿಸಿದರು.
ನಾಲ್ಕು ಚಪ್ಪಡಿಗಳು ನಿಂತದ್ದು ಸ್ವಸ್ತಿಕದ ಆಕಾರದಲ್ಲಿ.
ಒಂದೊಂದರ ತುದಿಯೂ ಪಕ್ಕದ್ದನ್ನು ದಾಟಿ ಮುಂದೆ ಚಾಚಿತ್ತು.
ರಟ್ಟಿನ ಡಬ್ಬದ ಬಾಯಿಯ ನಾಲ್ಕು ಪಟ್ಟಿಗಳನ್ನು
ಒಂದರಡಿ ಒಂದು ಸಿಕ್ಕಿಸಿ ಮುಚ್ಚುವ ಹಾಗೆ!
ಹೊರಗಿನ ಮಣ್ಣು ಒತ್ತಿದರೂ
ಚಪ್ಪಡಿ ಒಳಕ್ಕೆ ಬೀಳದು.
ಗಾರೆ ಇಲ್ಲ, ಮೊಳೆ ಇಲ್ಲ.
ಎಂಥ ಕೈಚಳಕ!

ಪೂರ್ವದ ಚಪ್ಪಡಿಯಲ್ಲಿ ಒಂದು ದುಂಡನೆಯ ಕಂಡಿ.
ಬಹುಶಃ ಮೂಳೆ, ಮಡಕೆಗಳನ್ನು ಒಳಗಿಡಲು ಅದೇ ದಾರಿ.
ಮೇಲೊಂದು ಮುಚ್ಚುಗಲ್ಲು, ಸುತ್ತ ಗುಂಡುಕಲ್ಲುಗಳ ವೃತ್ತ.

ಇಂಥ ರಕ್ಷಣೆಯ ಪೆಟ್ಟಿಗೆ ಇಂದಿಗೂ ಇದೆ: ಅಮೆರಿಕದ ಅನೇಕ ಸ್ಮಶಾನಗಳು
ಚಿತಾಭಸ್ಮದ ಕುಡಿಕೆಯನ್ನು ಹೂಳಲು
ಕಾಂಕ್ರೀಟ್ ಅಥವಾ ಪ್ಲಾಸ್ಟಿಕ್ ಪೆಟ್ಟಿಗೆ ಕೇಳುತ್ತವೆ,
ಮೇಲಿನ ನೆಲ ಕುಸಿಯದಿರಲಿ ಎಂದು.

ಕಲ್ಗೋರಿಗಳಿಗೆ ಈಗಿನ ಅಪಾಯ ಮಳೆಯಲ್ಲ, ನಿಧಿಯಾಸೆ.
ಒಳಗೆ ಚಿನ್ನದ ಕೊಪ್ಪರಿಗೆ ಇರುವುದಿಲ್ಲ.
ಇರುವುದು ಮೂಳೆ, ಮಡಕೆ, ಮಣಿ, ಕಬ್ಬಿಣದ ಸಾಮಾನು.
ಒಮ್ಮೆ ಅಗೆದು ಕಲಸಿದರೆ
ಯಾವುದು ಯಾವ ಕಾಲದ್ದೆಂದು
ತಜ್ಞರಿಗೂ ಹೇಳಲಾಗದು.